ಮದ್ದಳೆ ನಿಲ್ಲಿಸಿದ ಮಾಸ್ತರ

ಓಬಳೆಪ್ಪ ಕೃತಘ್ನ. ಹನ್ನೊಂದು ವರ್ಷ ಹತ್ತಿರದಿಂದ ನೋಡಿ ಈ ಮಾತು ಬರೆಯುತ್ತಿದ್ದೇನೆ. ಕಲಿತದ್ದನ್ನು ಯಾರಿಂದ ಕಲಿತೆ ಎಂದು ಅವನು ಹೇಳುವುದಿಲ್ಲ. ಆಟ ಗೆದ್ದರೆ ಅದು ಅವನದು. ಸೋತರೆ ತಪ್ಪು ಬೇರೆ ಯಾರದೋ, ಆ ಯಾರನ್ನೋ ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಮ್ಮ ಜಿಲ್ಲೆಯ ಜನ ಅವನನ್ನು ದೊಡ್ಡ ಕಲಾವಿದ ಎನ್ನುತ್ತಾರೆ. ಅದೂ ನಿಜ. ಎರಡೂ ಒಂದೇ ಮೈಯಲ್ಲಿರಲು ಅಡ್ಡಿಯೇನಿಲ್ಲ.

ಯಲಬುರ್ಗಾದಿಂದ ಎಂಟು ಕಿಲೋಮೀಟರ್ ಒಳಗಿನ ಊರೊಂದರಲ್ಲಿ ಅವನು ಗ್ರಾಮ ಪಂಚಾಯತಿಯ ನೀರಗಂಟಿ. ಬೆಳಿಗ್ಗೆ ಐದಕ್ಕೆದ್ದು ಓಣಿ ಓಣಿಯ ವಾಲ್ವ್ ತಿರುಗಿಸಿ ನಳಕ್ಕೆ ನೀರು ಬಿಡಬೇಕು, ಮತ್ತೆ ಕಟ್ಟಬೇಕು. ಹತ್ತು ಗಂಟೆಗೆ ಆ ಕೆಲಸ ಮುಗಿದರೆ ಉಳಿದ ದಿನವೆಲ್ಲ ಅವನು ದೊಡ್ಡಾಟದ ಮಾಸ್ತರ. ಪದ್ಯ ಕಟ್ಟುವವನು, ಕುಣಿತ ಕಲಿಸುವವನು, ಆಟದ ದಿನ ಹಿಮ್ಮೇಳದಲ್ಲಿ ತಾಳ ಹಿಡಿಯುವವನು ಎಲ್ಲ ಅವನೇ. ವಾಲ್ವ್ ತಿರುಗಿಸುವ ಎದೆಮಟ್ಟದ ಕಬ್ಬಿಣದ ಚಾವಿಯನ್ನು ತಾಲೀಮಿಗೂ ತರುತ್ತಾನೆ. ನೆಲಕ್ಕೆ ಕುಟ್ಟಿ ಲಯ ತೋರಿಸುತ್ತಾನೆ. ಹೆಜ್ಜೆ ತಪ್ಪಿದವರತ್ತ ಅದನ್ನೇ ಚಾಚಿ, "ನಿನ್ನ ತಲಿಗೂ ಒಂದು ವಾಲ್ವ್ ಕೂಡಸಬೇಕು ನೋಡು, ಯಾವಾಗ್ಲೂ ಸೋರತಿರತೈತಿ" ಎನ್ನುತ್ತಾನೆ.

ನಿವೃತ್ತಿಯಾದ ಮೇಲೆ ನಾನು ಕೊಪ್ಪಳದಲ್ಲಿ ಒಂದು ಫಿಲ್ಮ್ ಸೊಸೈಟಿ ನಡೆಸುತ್ತ ಬಂದಿದ್ದೇನೆ. ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ, ಒಂದು ಟ್ಯೂಷನ್ ಕೇಂದ್ರದ ಮಹಡಿಯಲ್ಲಿ. ಕಿಟಕಿಗೆ ಕಪ್ಪು ಬಟ್ಟೆ, ನಲವತ್ತು ಪ್ಲಾಸ್ಟಿಕ್ ಕುರ್ಚಿ, ಬಾಡಿಗೆಯ ಪ್ರೊಜೆಕ್ಟರ್. ಸ್ವೀಡನ್, ಇಟಲಿ, ಫ್ರಾನ್ಸ್, ಹಂಗೇರಿಯ ನಿರ್ದೇಶಕರು ಐವತ್ತು ಅರವತ್ತು ವರ್ಷದ ಹಿಂದೆ ತೆಗೆದ ಚಿತ್ರಗಳು. ಮೊದಲು ಹತ್ತು ನಿಮಿಷ ಕತೆಯನ್ನು ಕನ್ನಡದಲ್ಲಿ ಹೇಳುತ್ತೇನೆ, ಆಮೇಲೆ ಚಿತ್ರ. ಬರುವವರು ಕಾಲೇಜಿನವರು, ಬ್ಯಾಂಕಿನವರು, ಇಬ್ಬರು ವಕೀಲರು. ಓಬಳೆಪ್ಪ ಚಿತ್ರ ನೋಡಲು ಬಂದವನಲ್ಲ. ತನ್ನ ಮೇಳಕ್ಕೆ ಸರಕಾರದ ಸಹಾಯ ಕೇಳುವ ಅರ್ಜಿಗೆ ನನ್ನ ಶಿಫಾರಸು ಪತ್ರ ಬೇಕಾಗಿತ್ತು. ಬಂದಾಗ ಚಿತ್ರ ಶುರುವಾಗಿ ಹೋಗಿತ್ತು. ಮುಗಿಯುವವರೆಗೆ ಹಿಂದೆ ಕೂತಿರು ಎಂದೆ.

ಅಂದಿನದು ಸ್ವೀಡನ್ನಿನ ಚಿತ್ರ. ಕಡಲ ದಂಡೆಯ ಒಂದು ಮನೆ. ಮಗ ಕಡಲಲ್ಲಿ ಸತ್ತ ಸುದ್ದಿ ಪತ್ರದಲ್ಲಿ ಬರುತ್ತದೆ. ತಾಯಿ ಓದುತ್ತಾಳೆ, ಪತ್ರ ಮಡಚಿ ಕಪಾಟಿನಲ್ಲಿಡುತ್ತಾಳೆ, ತಿರುಗಿ ಬಂದು ಅರ್ಧಕ್ಕೆ ಬಿಟ್ಟಿದ್ದ ಪಾತ್ರೆಗಳನ್ನು ತೊಳೆಯುತ್ತಾಳೆ. ನಾಲ್ಕು ನಿಮಿಷ. ಮಾತಿಲ್ಲ, ಸಂಗೀತವಿಲ್ಲ. ಕ್ಯಾಮೆರಾ ಅವಳ ಮುಖ ಬಿಟ್ಟು ಅಲ್ಲಾಡುವುದಿಲ್ಲ. ದೀಪ ಹಾಕಿದಾಗ ಓಬಳೆಪ್ಪ ಅರ್ಜಿ ಮರೆತು ಪರದೆಯ ಹತ್ತಿರ ನಿಂತಿದ್ದ.

"ಅಕ್ಕಾರ, ಆ ಹೆಣ್ಮಗಳು ಸುದ್ದಿ ಕೇಳಿದಾಗ ಬಾಜಾ ಯಾಕ ಬಾರಿಸಲಿಲ್ರೀ? ರೊಕ್ಕ ಸಾಲಲಿಲ್ಲೇನು?"

"ಬೇಕಂತಲೇ ಬಿಟ್ಟಿದ್ದು."

"ಬೇಕಂತ?" ಬರಿಯ ಪರದೆಯತ್ತ ತಿರುಗಿದ. "ಹಂಗಾರ ಅಂವ ಭಾಳ ಸೊಕ್ಕಿನ ಮನಷ್ಯಾ."

ಮುಂದಿನ ತಿಂಗಳು ಕರೆಯದೆ ಬಂದ. ಅಲ್ಲಿಂದ ಹನ್ನೊಂದು ವರ್ಷ, ಕೊರೊನಾದಲ್ಲಿ ಬಾಗಿಲು ಹಾಕಿದ್ದ ತಿಂಗಳುಗಳನ್ನು ಬಿಟ್ಟರೆ, ತಪ್ಪಿಸಿದ್ದು ಮೂರೋ ನಾಲ್ಕೋ ಸಲ. ಭಾನುವಾರ ನೀರನ್ನು ಒಂದು ಗಂಟೆ ಮುಂಚೆ ಬಿಟ್ಟು ಬರುತ್ತಿದ್ದನೆಂದೂ, ಎರಡನೆಯ ಭಾನುವಾರದ ಕೊಡಗಳು ಕತ್ತಲಲ್ಲೇ ಸಾಲು ಹಚ್ಚುತ್ತಿದ್ದವೆಂದೂ ಆಮೇಲೆ ತಿಳಿಯಿತು. ಆ ನಿರ್ದೇಶಕರ ಹೆಸರುಗಳು ಅವನ ನಾಲಿಗೆಗೆ ಹತ್ತಲಿಲ್ಲ. ಅವರಿಗೆ ತಾನೇ ಹೆಸರಿಟ್ಟ. ಸ್ವೀಡನ್ನಿನವನು ಸೊಕ್ಕಿನವ. ಮೆರವಣಿಗೆ, ಕೋಡಂಗಿಗಳನ್ನು ತುಂಬಿದ ಇಟಲಿಯವನು ನಮ್ಮವ. ಫ್ರಾನ್ಸಿನವನು ವಕೀಲ, ಯಾಕೆಂದರೆ ಅವನ ಪಾತ್ರಗಳು ಹಾಸಿಗೆಯಲ್ಲೂ ವಾದ ಬಿಡುವುದಿಲ್ಲ. ಮಳೆಯಲ್ಲಿ ಹತ್ತು ನಿಮಿಷ ಬರೀ ನಡೆಯುವವರನ್ನು ತೋರಿಸುವ ಹಂಗೇರಿಯವನು ಕತ್ತರಿ ಇಲ್ಲದವ. "ಪಾಪ, ಆ ಊರಾಗ ಯಾರೂ ಅವಗ ಕತ್ತರಿ ಕೊಟ್ಟಿಲ್ರೀ" ಎಂದು ಮೊದಲ ದಿನ ನಕ್ಕವನು, ಆ ಚಿತ್ರ ಮುಗಿಯುವವರೆಗೆ ಏಳಲಿಲ್ಲ. ಇಬ್ಬರು ಪ್ರಾಧ್ಯಾಪಕರು ಎದ್ದು ಚಹಾಕ್ಕೆ ಹೋಗಿದ್ದರು.

ಆ ನಿರ್ದೇಶಕರ ಪ್ರಭಾವದ ಬಗ್ಗೆ ಪುಸ್ತಕಗಳು ಬಹಳ ಇವೆ. ಯಾವ ದೇಶದ ಯಾವ ನಿರ್ದೇಶಕ ಯಾರಿಂದ ಏನು ಪಡೆದ ಎಂದು ಅವುಗಳಲ್ಲಿ ವಂಶಾವಳಿಯ ಹಾಗೆ ಬರೆದಿರುತ್ತದೆ. ಕ್ಯಾಮೆರಾ ಮುಟ್ಟದವರ ಹೆಸರು ಅಲ್ಲಿ ಬರುವುದಿಲ್ಲ. ಬರಬೇಕು ಎಂಬುದಕ್ಕೆ ನನ್ನ ಹತ್ತಿರ ಓಬಳೆಪ್ಪನೇ ಸಾಕ್ಷಿ. ಕತ್ತರಿ ಇಲ್ಲದವನನ್ನು ನೋಡಿದ ಮರುವರ್ಷ ಅವನ ಆಟದ ಸೋತ ರಾಜ ಪರದೆಯ ಹಿಂದಿನಿಂದ ಕುಣಿಯುತ್ತ ಬರಲಿಲ್ಲ. ಕೂತ ಜನರ ಬೆನ್ನ ಹಿಂದಿನಿಂದ, ನಡುವೆ ದಾರಿ ಮಾಡಿಕೊಂಡು, ಕಿರೀಟವನ್ನು ಕಂಕುಳಲ್ಲಿಟ್ಟು, ಮುದುಕನ ಹಾಗೆ ನಡೆದು ಬಂದ. ರಂಗ ಮುಟ್ಟಲು ಆರು ನಿಮಿಷ ಹಿಡಿಯಿತು. ಒಬ್ಬರೂ ಕೆಮ್ಮಲಿಲ್ಲ. ಪತ್ರಿಕೆಯವನೊಬ್ಬ ಇದು ಎಲ್ಲಿಂದ ಹೊಳೆಯಿತು ಎಂದು ಕೇಳಿದರೆ, ಓಬಳೆಪ್ಪನ ಉತ್ತರ: "ನಮ್ಮ ಮುತ್ಯಾನ ಕಾಲದ್ರೀ ಇದು. ನಡುವ ಬಿಟ್ಟುಹೋಗಿತ್ತು."

ಅವನ ಅಜ್ಜ ಕುರಿ ಕಾಯುತ್ತಿದ್ದ. ದೊಡ್ಡಾಟದ ಗೆಜ್ಜೆ ಕಟ್ಟಿದವನೇ ಅಲ್ಲ. ನಾನು ಅದನ್ನು ಅವನ ಮುಖಕ್ಕೇ ಹೇಳಿದೆ. ಅವನು ನಾಚಲಿಲ್ಲ.

"ಅಕ್ಕಾರ, ಆ ಸಿನಿಮಾ ಮಂದಿ ಬಂದು ನಮ್ಮ ಆಟ ನೋಡಿದ್ರ ನನ್ನ ಹೆಸರು ಹೇಳತಿದ್ರೇನು?"

ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಆದರೆ ಅದು ಅವನ ಪರವಾಗಿತ್ತು. ಆದರೂ ಅವರು ಹೇಳದಿರುವುದು ಇವನಿಗೆ ಸಬೂಬು ಆಗುವುದಿಲ್ಲ.

ತಪ್ಪು ಹೊರಿಸುವ ಗುಣವನ್ನು ನಾನು ಗಂಗಾವತಿಯಲ್ಲಿ ಕಣ್ಣಾರೆ ಕಂಡೆ. ಮಲ್ಲೇಶ ಎಂಬ ಶಾಲಾ ಮಾಸ್ತರ ಮಂತ್ರಿಯ ಪಾತ್ರ ಹಾಕಿದ್ದ. ನಡುವೆ ಪದ್ಯ ಮರೆತು ನಿಂತ. ಓಬಳೆಪ್ಪ ತಾಳ ನಿಲ್ಲಿಸಿ, ಮೈಕಿನ ಹತ್ತಿರ ಬಂದು, "ಇವಗ ಕಲಿಸಿದಾಂವ ನಾ ಅಲ್ರೀ, ಇವ ಸಾಲ್ಯಾಗ ಕಲತು ಬಂದಾನ" ಎಂದ. ಇಡೀ ಬಯಲು ನಕ್ಕಿತು. ಮಲ್ಲೇಶ ಆಟ ಮುಗಿಸಿ ಹೋದವನು ಆ ಮೇಳಕ್ಕೆ ಮತ್ತೆ ಬರಲಿಲ್ಲ.

ಬಿಟ್ಟು ಹೋಗದೆ ಉಳಿದವನು ಮಂಜೂರ ಒಬ್ಬನೇ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ಕೆಲಸ ಅವನದು. ಕೈಯಲ್ಲಿರುವುದು ಮದ್ದಳೆ. ಮೂವತ್ತೆರಡು ವರ್ಷದಿಂದ ಓಬಳೆಪ್ಪನ ಆಟಗಳಿಗೆ ಅವನೇ ಬಾರಿಸುತ್ತ ಬಂದಿದ್ದಾನೆ. ಈಚೆಗೆ ಮಂಡಿ ನೋವು, ಕೂತು ಮದ್ದಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸುತ್ತಾನೆ. ಬೇರೆ ಮೇಳದವರೂ ಅವನ ಹೆಸರು ಕೇಳಿಯೇ ಕರೆಸುತ್ತಾರೆ. ಕರಪತ್ರದಲ್ಲಿ ರಾಜನ ಪಾತ್ರಧಾರಿಯ ಹೆಸರಿನ ಪಕ್ಕಕ್ಕೇ 'ಮದ್ದಳೆ: ಗಂಗಾವತಿ ಮಂಜೂರ' ಎಂದು ಹಾಕಿಸುತ್ತಾರೆ. ತಾಳ ತಪ್ಪದ ಕೈ ಎಂಬುದಷ್ಟೇ ಅವನ ಆಸ್ತಿ.

ಹೋದ ವರ್ಷ ಓಬಳೆಪ್ಪ ಹೊಸ ಆಟ ಕಟ್ಟಿದ. ಕೋಟೆಯ ರಾಣಿ, ಯುದ್ಧಕ್ಕೆ ಹೋದ ಒಬ್ಬನೇ ಮಗ. ದೂತ ಬಂದು ಮಗ ಸತ್ತನೆಂದು ಹೇಳುತ್ತಾನೆ, ಅವನ ತಲೆಯ ರುಮಾಲು ತಂದು ಮುಂದಿಡುತ್ತಾನೆ. ದೊಡ್ಡಾಟದಲ್ಲಿ ಇಂಥ ಕಡೆ ಏನಾಗಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಮದ್ದಳೆ ಏರಬೇಕು, ರಾಣಿ ಎದೆ ಬಡಿದುಕೊಂಡು ಕುಣಿದು ಬೀಳಬೇಕು. ಮದ್ದಳೆಯವನ ಪಾಲಿಗೆ ಆಟದ ಶಿಖರ ಅದೇ. ಓಬಳೆಪ್ಪನ ಆಟದಲ್ಲಿ ದೂತ ಮಾತು ಮುಗಿಸುತ್ತಲೇ ಮದ್ದಳೆ ನಿಲ್ಲುತ್ತದೆ. ರಾಣಿ ರುಮಾಲನ್ನು ಬಿಚ್ಚಿ, ಝಾಡಿಸಿ, ಮಡಚಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾಳೆ. ಅಷ್ಟೂ ಹೊತ್ತು ಸದ್ದಿಲ್ಲ. ರಾಣಿಯ ಪಾತ್ರಕ್ಕೆ ಅವನ ಅಣ್ಣನ ಮಗಳು ಸುರೇಖಾ, ಯಲಬುರ್ಗಾದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಬಟ್ಟೆ ಮಡಚುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ತಾಲೀಮಿನಲ್ಲಿ ಇದನ್ನು ಕೇಳಿದ ಮಂಜೂರ ಮದ್ದಳೆಗೆ ಬಟ್ಟೆ ಸುತ್ತಲು ಶುರುಮಾಡಿದನಂತೆ. ಸುರೇಖಾ ನನಗೆ ಫೋನಿನಲ್ಲಿ ಹೇಳಿದಳು.

"ಎಲ್ಲಿಗೋ?" ಎಂದ ಓಬಳೆಪ್ಪ.

"ಊರಿಗೆ. ಸುಮ್ನ ಕುಂದ್ರಾಕ ನಾ ಯಾಕ ಬೇಕು ಮಾಸ್ತರ? ನಮ್ಮ ಎಮ್ಮಿ ಕಳಸತೀನಿ, ತಂದು ಕಟ್ಟು. ಅದೂ ಛಲೋ ಸುಮ್ನ ಕುಂದ್ರತೈತಿ."

"ಎಮ್ಮಿ ನಡನಡಕ ಒದರತೈತಿ. ನೀನ ಬೇಕು."

"ಓಬ್ಯಾ, ಚ್ಯಾಷ್ಟಿ ಬ್ಯಾಡ. ಕುಷ್ಟಗ್ಯಾಗ ಹದಿನಾಕು ಮೇಳದಾವ್ರು ಮುಂದ ಕುಂತಿರತಾರ. ಮದ್ದಳಿ ನಿಂತರ ಮಾಸ್ತರ ನಿಲ್ಲಿಸ್ಯಾನ ಅನ್ನಂಗಿಲ್ಲ. ಮಂಜೂರನ ಕೈ ಬಿದ್ದಾವ ಅಂತಾರ. ನಾಳಿಂದ ನನ್ನ ಯಾರು ಕರೀತಾರ?"

ಹೊಸ ಆಟ ಆಡಬೇಕಿದ್ದ ಕುಷ್ಟಗಿಯ ಬಯಲಾಟದ ಸಮಾವೇಶಕ್ಕೆ ಇನ್ನು ಮೂರು ವಾರವಿತ್ತು. ಮಂಜೂರ ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಓಬಳೆಪ್ಪ ಬಗ್ಗಲಿಲ್ಲ. "ಹೋಗತಿದ್ರ ಹೋಗು" ಎಂದವನು ಮರುದಿನ ಬೇರೆ ಮದ್ದಳೆಯವನನ್ನು ಹುಡುಕಲೂ ಇಲ್ಲ. ಬಾರಿಸಲು ಬಾರದವನು ಸುಮ್ಮನಿದ್ದರೆ ಅದಕ್ಕೆ ಬೆಲೆಯಿಲ್ಲ ಎಂಬುದು ಅವನ ಲೆಕ್ಕ. ಆ ಲೆಕ್ಕವನ್ನು ಮಂಜೂರನಿಗೆ ತಿಳಿಸಿ ಹೇಳುವ ಸೌಜನ್ಯ ಮಾತ್ರ ಅವನಲ್ಲಿರಲಿಲ್ಲ.

ಆ ವಾರದ ಒಂದು ಮಧ್ಯಾಹ್ನ ಮಂಜೂರ ಗಂಗಾವತಿಯ ಬಸ್ಸಿನಿಂದಿಳಿದು ಸೀದಾ ನನ್ನ ಮನೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು, "ಅಕ್ಕಾರ, ಓಬಳೆಪ್ಪ ಕೆಟ್ಟಿದ್ದು ನಿಮ್ಮಿಂದ. ಏನು ನೋಡಿ ಕೆಟ್ಟಾನ, ನನಗೂ ಅದನ್ನ ತೋರಸ್ರಿ" ಎಂದ.

ಲ್ಯಾಪ್‌ಟಾಪಿನಲ್ಲಿ ಆ ನಾಲ್ಕು ನಿಮಿಷ ತೋರಿಸಿದೆ. ಅವನು ನೋಡಿದ. ಇನ್ನೊಮ್ಮೆ ಹಾಕಿರಿ ಎಂದ. ಎರಡನೆಯ ಸಲ ನೋಡಲಿಲ್ಲ, ಕಣ್ಣು ಮುಚ್ಚಿ ಕೇಳಿದ. ಮೂರನೆಯ ಸಲ ಅವನ ಬೆರಳು ಮಂಡಿಯ ಮೇಲೆ ಸಣ್ಣಗೆ ಆಡತೊಡಗಿತು.

"ಬಾಜಾ ಇಲ್ಲ ಅಂತಾರಲ್ರೀ ಎಲ್ಲಾರು. ಐತಲ್ರೀ. ನಳದ್ದು ಹನಿ ಬೀಳೋದು ಕೇಳ್ರಿ. ಅಕಿ ಒಂದ್ ತಾಟು ತೊಳದು ಇಡತಾಳ, ಎಂಟು ಹನಿ. ಮತ್ತೊಂದ್ ಇಡತಾಳ, ಎಂಟು ಹನಿ. ಕಡೀ ತಾಟಿಗೆ ಹನ್ನೆರಡು ಮಾಡ್ಯಾನ. ಬಾರಸವ ಅದಾನ್ರೀ ಅಲ್ಲಿ. ಕಾಣಂಗಿಲ್ಲ ಅಷ್ಟ."

ಆ ಚಿತ್ರವನ್ನು ನಾನು ಮೂವತ್ತು ಸಲ ನೋಡಿದ್ದೆ, ಅದರ ಮೇಲೆ ಉಪನ್ಯಾಸ ಕೊಟ್ಟಿದ್ದೆ. ಹನಿಗಳನ್ನು ಎಣಿಸಿರಲಿಲ್ಲ. ಆಮೇಲೆ ಎಣಿಸಿದೆ. ಅವನ ಲೆಕ್ಕ ಸರಿಯಿತ್ತು.

ಮಂಜೂರ ಬರುತ್ತೇನೆ ಎಂದ. ಒಂದು ಷರತ್ತು ಹಾಕಿದ. ಇಲ್ಲಿ ಮದ್ದಳೆ ನಿಲ್ಲುವುದು ಮಾಸ್ತರನ ಅಪ್ಪಣೆಯಿಂದ ಎಂದು ಆಟಕ್ಕೆ ಮೊದಲು ಓಬಳೆಪ್ಪ ಮೈಕಿನಲ್ಲಿ ಹೇಳಬೇಕು. ಒಂದೇ ಮಾತು ಸಾಕು. ನಾನು ಓಬಳೆಪ್ಪನಿಗೆ ಫೋನು ಮಾಡಿದೆ.

"ಆಗಂಗಿಲ್ರೀ ಅಕ್ಕಾರ. ಮೊದಲ ಹೇಳಿದ್ರ ಮಂದಿ ಅದನ್ನ ಕಾಯಕೋಂತ ಕುಂದ್ರತಾರ. ಕಾದು ಬಂದ ಸುದ್ದಿ ಸುದ್ದಿ ಅಲ್ಲ."

"ಅವನ ಮರ್ಯಾದೆ ಹೋಗತದ."

"ಅವನ ಮರ್ಯಾದಿ ಅವನ ಕೈಯಾಗ ಐತಿ. ಸುಮ್ನಿರೋದೂ ಬಾರಸೋದ ಅಲ್ಲೇನ್ರಿ?"

ಕಲೆಯ ಮಟ್ಟಿಗೆ ಅವನ ಮಾತು ಸರಿ. ಮನುಷ್ಯನ ಮಟ್ಟಿಗೆ ಅಲ್ಲ. ಎರಡನ್ನೂ ಹೇಳಿ ಫೋನಿಟ್ಟೆ. ಮಂಜೂರನಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದೆ, ಬರಬೇಡ ಎಂದೂ ಹೇಳಿದೆ. ಫೋನಿನಲ್ಲಿ ಅವನ ಹಿಂದೆ ಗಿರಣಿಯ ಸದ್ದು ಕೇಳುತ್ತಿತ್ತು. "ಓಬ್ಯಾ ಸೊಕ್ಕಿನವ, ಖರೆ" ಎಂದ. "ಆದ್ರ ಆ ಪಾತ್ರಿ ತೊಳಿಯೋ ಹೆಣ್ಮಗಳು ಕಣ್ಣಾಗಿಂದ ಹೋಗವಲ್ಲಳ್ರಿ. ಹೋಗತೀನಿ."

ಕುಷ್ಟಗಿಯಲ್ಲಿ ಫೆಬ್ರವರಿಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಶಾಮಿಯಾನದ ಕೆಳಗೆ ಎಂಟುನೂರು ಜನ. ಮುಂದಿನ ಸಾಲುಗಳಲ್ಲಿ ಬೇರೆ ಮೇಳಗಳವರು, ಮುಖಕ್ಕೆ ಬಣ್ಣ ಹಚ್ಚಿಕೊಂಡೇ ಕೂತವರೂ ಇದ್ದರು. ಓಬಳೆಪ್ಪ ಮೈಕಿನ ಮುಂದೆ ಬಂದ, ಗಣಪತಿಯನ್ನು ಸ್ತುತಿಸಿದ, ಗುರುಗಳನ್ನು ನೆನೆದ, ಆ ಗುರುಗಳಲ್ಲಿ ಯುರೋಪಿನವರು ಯಾರೂ ಇರಲಿಲ್ಲ. ಮದ್ದಳೆಯ ಬಗ್ಗೆಯೂ ಏನೂ ಹೇಳದೆ ಹಿಂದೆ ಸರಿದು ಮಂಜೂರನ ಪಕ್ಕದಲ್ಲಿ ತಾಳ ಹಿಡಿದು ಕೂತ.

ಆಟ ಚೆನ್ನಾಗಿ ಏರಿತು. ಮಂಜೂರ ಅಂದು ಬಾರಿಸಿದ ಹಾಗೆ ಹಿಂದೆಂದೂ ಬಾರಿಸಿದ್ದನ್ನು ನಾನು ಕೇಳಿಲ್ಲ. ದೂತ ಬಂದ, ರುಮಾಲು ಇಟ್ಟ, ಮಾತು ಮುಗಿಸಿದ. ಮದ್ದಳೆ ನಿಂತಿತು.

ಇಲ್ಲೊಂದು ಸಂಗತಿಯನ್ನು ಓಬಳೆಪ್ಪ ಮರೆತಿದ್ದ, ನಾನೂ ಮರೆತಿದ್ದೆ. ನಮ್ಮ ಕಡೆ ಆಟ ನೋಡುವವರು ಮೆಚ್ಚಿದ ಪಾತ್ರಧಾರಿಗೆ ಆಯೇರಿ ಮಾಡುತ್ತಾರೆ, ಅಂದರೆ ರಂಗಕ್ಕೆ ಹತ್ತಿ ಶಾಲೋ ಟವೆಲೋ ಹೊದಿಸುತ್ತಾರೆ. ಮದ್ದಳೆ ನಡೆದಾಗ ಯಾರೂ ಹತ್ತುವುದಿಲ್ಲ. ಮದ್ದಳೆ ನಿಂತಿತೆಂದರೆ ಅದು ಆಯೇರಿಯ ಹೊತ್ತು. ದಾಳಿಂಬೆ ತೋಟದ ಮಾಲೀಕ ಪ್ರಭುರಾಜ ಎಂಬುವರು, ಸಮಾವೇಶದ ದಾನಿಗಳು, ಕೂಡಲೇ ಎದ್ದರು. ಜರತಾರಿ ಶಾಲಿನ ಪ್ಲಾಸ್ಟಿಕ್ ಚೀಲ ಬಿಚ್ಚುತ್ತ ಮೆಟ್ಟಿಲು ಹತ್ತಿ ರಾಣಿಯ ಎದುರು ಹೋಗಿ ನಿಂತರು.

ಸುರೇಖಾ ತಲೆ ಎತ್ತಲಿಲ್ಲ. ರುಮಾಲನ್ನು ಬಿಚ್ಚಿ ಝಾಡಿಸಿದಳು. ಅದರ ತುದಿ ಪ್ರಭುರಾಜರ ಮೂಗಿನ ಮುಂದೆ ಹಾದುಹೋಯಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಇಳಿಯಲೂ ತಿಳಿಯದೆ, ಹೊದಿಸಲೂ ತಿಳಿಯದೆ, ಚಾಚಿದ ಕೈಯಲ್ಲಿ ಶಾಲು ಹಿಡಿದು ಹಾಗೇ ನಿಂತುಬಿಟ್ಟರು. ಹಿಂದೆ ಕೂತ ಹೆಂಗಸರು ಅವರನ್ನೂ ಪಾತ್ರವೆಂದೇ ತಿಳಿದರು. "ಬೀಗರಿರಬೇಕು. ಸಾವಿನ ಬಟ್ಟಿ ತಂದಾರ" ಎಂದು ಒಬ್ಬಾಕೆ ಇನ್ನೊಬ್ಬಳಿಗೆ ಹೇಳಿದ್ದು ನನಗೆ ಕೇಳಿಸಿತು.

ಮುಂದಿನ ಸಾಲಿನವರಿಗೆ ಆ ಗೊಂದಲವಿರಲಿಲ್ಲ. ಅವರು ರಾಣಿಯನ್ನು ನೋಡುತ್ತಿರಲಿಲ್ಲ. ಮಂಜೂರನ ಕೈ ನೋಡುತ್ತಿದ್ದರು. ಎರಡೂ ಅಂಗೈ ಮದ್ದಳೆಯ ಎರಡು ಮುಖಗಳ ಮೇಲೆ ಮಲಗಿದ್ದವು. ಮೊದಲು ಒಬ್ಬ ಕೆಮ್ಮಿದ. ಆಮೇಲೆ ಒಂದು ಕೂಗು:

"ಏ ಮಂಜೂರ! ನಿದ್ದಿ ಹತ್ತೈತೇನೋ?"

"ಎಬ್ಬಸ್ರೋ ಅವನ್ನ, ಚಾ ಕುಡಸ್ರೀ!"

"ವಯಸ್ಸಾತು ಬಿಡ್ರಪಾ, ಕೈ ಬಿದ್ದಾವ."

ಕಡೆಯ ಮಾತಿಗೆ ನಗು ಬರಲಿಲ್ಲ. ಅದು ನಗುವಿಗಿಂತ ಕೆಟ್ಟದ್ದು, ಅಯ್ಯೋ ಪಾಪ ಎಂಬ ಗುಜುಗುಜು. ಸಾಲಿನಿಂದ ಸಾಲಿಗೆ ಹರಡಿತು. ಮಂಜೂರ ಅಲ್ಲಾಡಲಿಲ್ಲ. ತುಟಿ ಮಾತ್ರ ಎಣಿಕೆಯಲ್ಲಿತ್ತು. ಸುರೇಖಾ ರುಮಾಲಿನ ಮೊದಲ ಮಡಿಕೆ ಹಾಕಿದಳು. ಇನ್ನು ಮೂರು ಮಡಿಕೆ, ಪೆಟ್ಟಿಗೆ, ಮುಚ್ಚಳ. ನಾನು ಓಬಳೆಪ್ಪನನ್ನು ನೋಡಿದೆ. ಒಂದು ಏಟು ಬಾರಿಸು ಎಂದು ಅವನು ಸನ್ನೆ ಮಾಡಿದ್ದರೆ ಮಂಜೂರ ಉಳಿಯುತ್ತಿದ್ದ, ದೃಶ್ಯ ಸಾಯುತ್ತಿತ್ತು. ಮೈಕು ಅವನ ಕೈಗೆ ಎಟಕುವಷ್ಟು ಹತ್ತಿರವಿತ್ತು. ಗಂಗಾವತಿಯಲ್ಲಿ ಅವನು ಅದನ್ನು ಬಳಸಿದ್ದು ಹೇಗೆಂದು ನನಗೆ ನೆನಪಿತ್ತು.

ಓಬಳೆಪ್ಪ ತಾಳವನ್ನು ಸದ್ದಾಗದಂತೆ ನೆಲಕ್ಕಿಟ್ಟ. ಪಕ್ಕಕ್ಕೆ ಬಾಗಿ, ಎರಡೂ ಕೈಯಿಂದ ಮಂಜೂರನ ತೊಡೆಯ ಮೇಲಿನ ಮದ್ದಳೆಯನ್ನು ಎತ್ತಿಕೊಂಡ. ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎಂಟುನೂರು ಜನರತ್ತ ಮುಖ ಮಾಡಿ, ಕೈ ಕಟ್ಟಿ ಕೂತ.

ಮುಂದಿನ ಸಾಲಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ನಗು ಎದ್ದಿತು.

"ಮಾಸ್ತರಗ ಮರತೈತಿ! ಮಾಸ್ತರಗ ಮರತೈತ್ರೋ!"

"ಏ ನೀರಗಂಟಿ, ವಾಲ್ವ್ ಬಂದ್ ಆತೇನು?"

ನಗುವೆಲ್ಲ ಅವನತ್ತ ಬಂತು. ಓಬಳೆಪ್ಪ ತಪ್ಪು ಹೊರಿಸಲು ಕಣ್ಣೆತ್ತಿ ಯಾರನ್ನೂ ಹುಡುಕಲಿಲ್ಲ. ಪಕ್ಕದಲ್ಲಿ ಮಂಜೂರ ಬರಿಗೈಯನ್ನು ಮಂಡಿಯ ಮೇಲಿಟ್ಟುಕೊಂಡು ಎಣಿಸುತ್ತಲೇ ಇದ್ದ. ನಗು ತಾನಾಗಿ ತೀರಿತು. ರಾಣಿ ರುಮಾಲನ್ನು ಪೆಟ್ಟಿಗೆಯಲ್ಲಿಟ್ಟಳು, ಮುಚ್ಚಳ ಹಾಕಿದಳು, ಆ ಸಣ್ಣ ಸದ್ದು ಕಡೆಯ ಸಾಲಿನವರೆಗೂ ಕೇಳಿಸಿತು.

ಓಬಳೆಪ್ಪ ಮದ್ದಳೆಯನ್ನು ಎತ್ತಿದ. ಅದರ ಬಲಮುಖ ಮಂಜೂರನ ಬಲಗೈಗೆ ಬರುವಂತೆ ತಿರುಗಿಸಿ, ಅವನ ತೊಡೆಯ ಮೇಲೆ ಇಟ್ಟ.